ನಾಯಿಯ ಜೊತೆ ಬದುಕುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಅಂಗಳದಲ್ಲಿ ನಾಯಿಯಿಲ್ಲದೆ ನಮ್ಮ ಮನೆ ಎಂದೂ ಇದ್ದದ್ದಿಲ್ಲ. ಸಾಗರ, ಹೊಸನಗರ, ಶಿವಮೊಗ್ಗದ ನೆಂಟರು, ಹೊಸದಾಗಿ ತೋಟ ಕೊಂಡು ಬಂದವರು, ಬೆಂಗಳೂರಿನಲ್ಲಿದ್ದುಕೊಂಡು ಊರಿನ ಅಪ್ಪ ಅಮ್ಮನ ಬಗ್ಗೆ ಚಿಂತಿಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾಯಿಯ ನಿಯತ್ತನ್ನು ಹೊಗಳುವ ಮಾತು ನಮ್ಮಲ್ಲಿ ಬೇಕಾದಷ್ಟಿದೆ. ನಾಯಿಯ ಕಡೆಗೆ ನಮ್ಮ ನಿಯತ್ತು ಹೇಗಿದೆ ಎಂದು ಕೇಳುವವರು ಕಡಿಮೆ. ಕೆಳಗಿನ ಉತ್ತರಗಳನ್ನೆಲ್ಲ ಆ ಎರಡನೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮರಿಯನ್ನು ಯಾವ ವಯಸ್ಸಿನಲ್ಲಿ ತರಬೇಕು?

ಕನಿಷ್ಠ ಎಂಟು ವಾರ ತುಂಬಿರಲಿ. ಊರುನಾಯಿಗಳು ಹೆಚ್ಚಾಗಿ ಕಾರ್ತಿಕ ಮಾಸದ ಹೊತ್ತಿಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ನಮ್ಮ ಕಡೆ ಮರಿಗಳು ಕಣ್ಣು ಬಿಡುವುದು ಚಳಿಯ ದಿನಗಳಲ್ಲಿ, ಅಡಿಕೆ ಕೊಯ್ಲು ನಡೆಯುತ್ತಿರುವಾಗ ಅಥವಾ ಮುಗಿಯುತ್ತಾ ಬಂದಾಗ. ಮುದ್ದಾಗಿದೆ ಎಂದು ಕಣ್ಣು ಬಿಟ್ಟ ಕೂಡಲೇ ಎತ್ತಿಕೊಂಡು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ, ಆಟ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಮರಿ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಕಲಿಯುತ್ತದೆ. ಬೇಗ ಬೇರ್ಪಟ್ಟ ಮರಿಗೆ ಈ ಪಾಠ ತಪ್ಪಿಹೋಗುತ್ತದೆ.

ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡು ಕೇಳಿ ಒಗ್ಗಿದ್ದೆಲ್ಲವೂ ಮುಂದೆ ಅದಕ್ಕೆ ಸಹಜವಾಗುತ್ತದೆ. ಮಿಕ್ಸಿಯ ಸದ್ದು, ಕೊಟ್ಟಿಗೆಯ ಹಸು, ಕೊಡೆ ಹಿಡಿದು ಬರುವ ಮನುಷ್ಯ, ಹೆಲ್ಮೆಟ್ ಹಾಕಿದ ಮುಖ, ಮಕ್ಕಳ ಓಟ ಎಲ್ಲವನ್ನೂ ಹೆದರಿಸದೆ ತೋರಿಸಿ.

ನಾಯಿಗೆ ನಮ್ಮ ಮೇಲೆ ನಂಬಿಕೆ ಬರಲು ಎಷ್ಟು ದಿನ ಬೇಕು?

ಮರಿಯಾದರೆ ಕೆಲವೇ ದಿನ. ಏಟು ತಿಂದು ಬೆಳೆದ ದೊಡ್ಡ ನಾಯಿಯಾದರೆ ತಿಂಗಳುಗಳು, ಕೆಲವೊಮ್ಮೆ ವರ್ಷ. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಎರಡನೆಯ ಬಗೆಯ ನಾಯಿಯನ್ನು ತಂದವರೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೇಟೆಯ ಬೀದಿಯಿಂದ ನಮ್ಮಲ್ಲಿಗೆ ಬಂದ ಕೆಂಚ ಎಂಬ ನಾಯಿ ಅಪ್ಪ ದೋಟಿ ಎತ್ತಿದರೆ ಸಾಕು, ತೋಟ ದಾಟಿ ಓಡಿಬಿಡುತ್ತಿತ್ತು. ಅಪ್ಪ ದೋಟಿ ಹಿಡಿದದ್ದು ಕಾಯಿ ಕೀಳಲು. ಅದು ಕೆಂಚನಿಗೆ ಹೇಗೆ ಗೊತ್ತಾಗಬೇಕು? ಅದರ ಅನುಭವದಲ್ಲಿ ಕೋಲೆಂದರೆ ಏಟು. ಅಪ್ಪ ಅದನ್ನು ಹಿಡಿದು ತಂದು ಸಮಾಧಾನ ಮಾಡುವ ಗೋಜಿಗೇ ಹೋಗಲಿಲ್ಲ. ಪ್ರತಿದಿನ ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ ಅನ್ನ ಹಾಕಿ, ಬೆನ್ನು ತಿರುಗಿಸಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮೊದಲು ಅಂಗಳದಾಚೆಯಿಂದ ನೋಡುತ್ತಿದ್ದ ಕೆಂಚ ಆಮೇಲೆ ಅಂಗಳಕ್ಕೆ ಬಂತು, ಆಮೇಲೆ ಮೆಟ್ಟಿಲಿಗೆ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ದೋಟಿಯ ಹಿಂದೆಯೇ ನಡೆದು ತೋಟಕ್ಕೆ ಹೋಗುತ್ತಿತ್ತು.

ನಾನು ಇದರಿಂದ ತಿಳಿದದ್ದು ಇಷ್ಟು. ನಾಯಿ ನಮ್ಮ ಮಾತನ್ನು ನಂಬುವುದಿಲ್ಲ, ನಮ್ಮ ಅಭ್ಯಾಸವನ್ನು ನಂಬುತ್ತದೆ. ಒಂದು ದಿನ ಬಾಚಿ ಮುದ್ದಾಡಿ ಮರುದಿನ ಯಾವುದೋ ಸಿಟ್ಟಿಗೆ ಒದ್ದರೆ, ಅದರ ಪಾಲಿಗೆ ನೀವು ಯಾವಾಗ ಏನು ಮಾಡುತ್ತೀರೋ ಹೇಳಲಾಗದ ಪ್ರಾಣಿ. ಹೆಚ್ಚು ಮುದ್ದು ಮಾಡದಿದ್ದರೂ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಟ್ಟು, ದನಿ ಏರಿಸದೆ, ಹೇಳಿದ್ದನ್ನೇ ಹೇಳುವ ಮನುಷ್ಯನ ಬಳಿ ಅದು ಹೋಗಿ ಮಲಗುತ್ತದೆ. ಮನೆಯಲ್ಲಿ ಅತಿ ಕಡಿಮೆ ಮಾತನಾಡುವ ಅಜ್ಜನಿಗೇ ನಾಯಿ ಹೆಚ್ಚು ಹಚ್ಚಿಕೊಳ್ಳುವುದನ್ನು ನೀವೂ ನೋಡಿರಬಹುದು.

ಕೆಲವು ಸಣ್ಣ ಮಾತುಗಳು: ಹೆದರಿದ ನಾಯಿಯ ತಲೆಯ ಮೇಲಿನಿಂದ ಕೈ ತರಬೇಡಿ, ಪಕ್ಕದಿಂದ ತನ್ನಿ. ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಬೇಡಿ. ಅದು ಎದ್ದು ಹೋದರೆ ಹೋಗಲು ಬಿಡಿ. ದೂರ ಹೋಗುವ ಸ್ವಾತಂತ್ರ್ಯ ಇದೆ ಎಂದು ಗೊತ್ತಾದ ಮೇಲೆಯೇ ಅದು ಹತ್ತಿರ ಬರುವುದು.

ಜಾತಿನಾಯಿ ಒಳ್ಳೆಯದೋ ಊರುನಾಯಿಯೋ?

ನನ್ನ ಮತ ಊರುನಾಯಿಗೆ. ಇಲ್ಲಿನ ಮಳೆ ಅದಕ್ಕೆ ಹೊಸದಲ್ಲ. ದಟ್ಟ ಕೂದಲಿನ ಹಸ್ಕಿಯನ್ನೋ ಜರ್ಮನ್ ಶೆಫರ್ಡನ್ನೋ ಆಷಾಢದ ಮಳೆಯಲ್ಲಿ ಸಾಕುವುದು ಸುಲಭವಲ್ಲ. ಒದ್ದೆ ಆರದೆ ಚರ್ಮಕ್ಕೆ ಬೂಷ್ಟು ರೋಗ ಹಿಡಿಯುತ್ತದೆ, ಕಿವಿ ಸೋರುತ್ತದೆ. ನಮ್ಮ ರಾಜ್ಯದ್ದೇ ಆದ ಮುಧೋಳ ನಾಯಿ ನೋಡಲು ಬಲು ಚೆಂದ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ತಂದಿದೆ. ಆದರೆ ಅದು ಬಾಗಲಕೋಟೆಯ ಬಯಲಿನಲ್ಲಿ ಓಡಲು ಹುಟ್ಟಿದ ನಾಯಿ, ಮೈಯಲ್ಲಿ ಕೊಬ್ಬೂ ಕೂದಲೂ ಕಡಿಮೆ. ಮಲೆನಾಡಿನ ಚಳಿಮಳೆಯಲ್ಲಿ ಅದಕ್ಕೆ ಬೆಚ್ಚನೆಯ ಜಾಗವೂ ಓಡಲು ತೆರೆದ ಜಾಗವೂ ಬೇಕು. ಎರಡನ್ನೂ ಕೊಡುವ ಶಕ್ತಿಯಿದ್ದವರು ಮಾತ್ರ ತನ್ನಿ.

ನಮ್ಮ ಮನೆಯಲ್ಲಿ ಮಡಿ ಇದೆ, ನಾಯಿಯನ್ನು ಒಳಗೆ ಬಿಡುವುದಿಲ್ಲ. ಆದರೂ ಸಾಕಬಹುದೇ?

ಖಂಡಿತ. ಮಲೆನಾಡಿನ ಎಷ್ಟೋ ಹಳೆಯ ಮನೆಗಳಲ್ಲಿ ನಾಯಿ ಹೊಸಿಲು ದಾಟಿದ್ದಿಲ್ಲ. ಹಗಲು ಜಗಲಿಯ ಕೆಳಗೆ, ಮಳೆಗಾಲದ ರಾತ್ರಿ ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ ಅದರ ವಾಸ. ಒಡನಾಟಕ್ಕೆ ಹಾಸಿಗೆ ಹಂಚಿಕೊಳ್ಳಬೇಕೆಂದಿಲ್ಲ. ಮನೆಯವರು ಓಡಾಡುವುದು ಕಾಣುವಂತಿರಬೇಕು, ದನಿ ಕೇಳುವಂತಿರಬೇಕು, ದಿನಕ್ಕೆರಡು ಹೊತ್ತಾದರೂ ಯಾರಾದರೊಬ್ಬರು ಅದರ ಜೊತೆ ನಡೆದಾಡಬೇಕು. ಮನೆಯ ಹಿಂದಿನ ಗೂಡಿನಲ್ಲಿ ಕೂಡಿ ಹಾಕಿ, ಅನ್ನದ ಹೊತ್ತಿಗೆ ಮಾತ್ರ ಮುಖ ತೋರಿಸುವುದು ಸಾಕುವುದಲ್ಲ.

ಕಟ್ಟಿ ಹಾಕಬೇಕೇ? ರಾತ್ರಿ ಚಿರತೆ ಕಾಟವಿದೆ.

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ.

ಹಗಲಿನ ಮಾತು ಮೊದಲು. ಸದಾ ಸರಪಳಿಯಲ್ಲಿರುವ ನಾಯಿ ಸಿಡುಕಾಗುತ್ತದೆ. ಓಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲವಾದ್ದರಿಂದ ಹತ್ತಿರ ಬಂದವರ ಮೇಲೆಲ್ಲ ಎರಗುತ್ತದೆ. "ಕಟ್ಟಿ ಸಾಕಿದರೆ ನಾಯಿ ಜೋರಾಗುತ್ತದೆ" ಎನ್ನುತ್ತಾರಲ್ಲ, ಆ ಜೋರು ಬಹುಪಾಲು ಹೆದರಿಕೆಯೇ. ಹಗಲು ಬೇಲಿಯೊಳಗೆ ಬಿಡಿ. ಅಂಚೆಯವರೋ ಕೊನೆ ತೆಗೆಯುವವರೋ ಬರುವ ಹೊತ್ತಿಗೆ ಮಾತ್ರ ಕಟ್ಟಿ.

ರಾತ್ರಿಯ ಮಾತೇ ಬೇರೆ. ಕಾಡಂಚಿನ ಊರುಗಳಲ್ಲಿ ಚಿರತೆಗೆ ಸುಲಭವಾಗಿ ಸಿಗುವ ಆಹಾರವೆಂದರೆ ನಾಯಿ. ಅಂಗಳದ ಕಂಬಕ್ಕೆ ಕಟ್ಟಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಬೆಳಿಗ್ಗೆ ಎದ್ದಾಗ ಸರಪಳಿ ಮಾತ್ರ ಉಳಿದಿದ್ದ ಮನೆಗಳು ನಮ್ಮ ಸುತ್ತಮುತ್ತ ಒಂದೆರಡಲ್ಲ. "ಕಾವಲಿಗೆಂದೇ ಅಲ್ಲವೇ ಸಾಕಿದ್ದು, ಒಳಗೆ ಹಾಕಿದರೆ ಕಾವಲು ಹೇಗೆ?" ಎಂದು ಕೇಳುತ್ತಾರೆ. ಒಳಗಿದ್ದರೂ ಅದು ಬೊಗಳುತ್ತದೆ, ನಿಮಗೆ ಎಚ್ಚರವಾಗುತ್ತದೆ, ಕಾವಲೆಂದರೆ ಅಷ್ಟೇ. ಚಿರತೆಯೊಡನೆ ಹೋರಾಡುವುದು ನಾಯಿಯ ಕೆಲಸವಲ್ಲ. ಕತ್ತಲಾಗುವ ಮೊದಲು ಬಾಗಿಲಿರುವ ಕೊಟ್ಟಿಗೆಗೋ ಬಚ್ಚಲುಮನೆಗೋ ಸೇರಿಸಿ ಚಿಲಕ ಹಾಕಿ. ಕೋಳಿಗೂಡಿನ ತೆಳು ಬಲೆ ಸಾಲದು, ಗಟ್ಟಿ ಗೋಡೆ ಇರಬೇಕು. ನಮ್ಮ ಅಂಗಳವನ್ನು ಅದು ಕಾಯುವುದಾದರೆ ಅದರ ರಾತ್ರಿಯನ್ನು ನಾವು ಕಾಯಬೇಕು.

ಹೊಡೆಯದೆ ಕಲಿಸಲು ಸಾಧ್ಯವೇ? ತಪ್ಪು ಮಾಡಿದರೆ ಮುಖ ಸಣ್ಣ ಮಾಡಿಕೊಳ್ಳುತ್ತದೆ, ಅಂದರೆ ಅದಕ್ಕೆ ಗೊತ್ತಿದೆ ಎಂದಾಯಿತಲ್ಲ?

ಆ ಸಣ್ಣ ಮುಖ ತಪ್ಪಿನ ಅರಿವಲ್ಲ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ತಿನ್ನಬೇಡ ಎಂದು ನಾಯಿಗೆ ಹೇಳಿ ಯಜಮಾನರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಕೆಲವು ಸಲ ನಾಯಿ ತಿನ್ನದಿದ್ದರೂ "ತಿಂದಿದೆ" ಎಂದು ಯಜಮಾನರಿಗೆ ಹೇಳಲಾಯಿತು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ, ಬೈಸಿಕೊಂಡಾಗ ಮುಖ ಸಣ್ಣದಾಯಿತು. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿ ಕಂಡಿತು. ಎಂದರೆ ಅದು ಓದುತ್ತಿರುವುದು ನಮ್ಮ ಮುಖವನ್ನು, ನಮ್ಮ ದನಿಯನ್ನು.

ಮಧ್ಯಾಹ್ನ ಚಪ್ಪಲಿ ಕಚ್ಚಿದ್ದಕ್ಕೆ ಸಂಜೆ ಹೊಡೆದರೆ, ಸಂಜೆ ಮನೆಗೆ ಬರುವ ನಿಮಗೂ ಏಟಿಗೂ ಅದು ನಂಟು ಕಟ್ಟಿಕೊಳ್ಳುತ್ತದೆಯೇ ಹೊರತು ಚಪ್ಪಲಿಗೂ ಏಟಿಗೂ ಅಲ್ಲ. ಒಳ್ಳೆಯದು ಮಾಡಿದ ಕ್ಷಣದಲ್ಲೇ ಒಂದು ತುಂಡು ಬೇಯಿಸಿದ ಮೊಟ್ಟೆ, ಒಂದು ಮೆಚ್ಚುಗೆಯ ಮಾತು ಕೊಡಿ. ಬೇಡದ್ದು ಮಾಡಿದರೆ ಗಮನ ಕೊಡದೆ ತಿರುಗಿ ನಿಲ್ಲಿ. ಚಪ್ಪಲಿಯನ್ನು ಎತ್ತರದಲ್ಲಿಡಿ. ಮನೆಯವರೆಲ್ಲ ಒಂದು ಕೆಲಸಕ್ಕೆ ಒಂದೇ ಮಾತು ಬಳಸಿ. ಅಜ್ಜಿ "ಕೂತ್ಕ" ಎಂದು, ಮೊಮ್ಮಗ "ಸಿಟ್" ಎಂದು ಹೇಳಿದರೆ ಅದಕ್ಕೆ ಗೊಂದಲ.

ನಾವು ಉಣ್ಣುವ ಅನ್ನವನ್ನೇ ಹಾಕಿದರೆ ಸಾಕೇ?

ಬರೀ ಅನ್ನ ಮಜ್ಜಿಗೆ ಸಾಲದು. ಮೊಟ್ಟೆ, ಮುಳ್ಳು ತೆಗೆದ ಮೀನು ಅಥವಾ ಮಾಂಸ ಸ್ವಲ್ಪವಾದರೂ ಬೇಕು. ಸಸ್ಯಾಹಾರಿ ಮನೆಯಾದರೆ ಪಶುವೈದ್ಯರನ್ನು ಕೇಳಿ ಸಿದ್ಧ ಆಹಾರ ಸೇರಿಸಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿಯ ಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಡ್ರಮ್ಮಿಗೆ ಮುಚ್ಚಳ ಹಾಕಿಡಿ, ಬಾಯಾರಿದ ನಾಯಿ ಬಾಯಿ ಹಾಕೀತು.

ಉಣುಗು, ಇಂಬಳ, ಮಂಗನ ಕಾಯಿಲೆ: ನಾಯಿಯಿಂದ ನಮಗೆ ಅಪಾಯವೇ?

ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಸೋಂಕಿರುವ ಉಣುಗು ಕಚ್ಚುವುದರಿಂದ. ನಾಯಿಯನ್ನು ಮುಟ್ಟಿದ್ದರಿಂದ ಬರುವುದಿಲ್ಲ. ಆದರೆ ಕಾಡಿನಲ್ಲಿ ಅಲೆದು ಬಂದ ನಾಯಿಯ ಕೂದಲಿನಲ್ಲಿ ಉಣುಗು ಮನೆಗೆ ಬರಬಹುದು, ದನಗಳ ಮೈಮೇಲೆ ಬರುವಂತೆಯೇ. ಆದ್ದರಿಂದ ನವೆಂಬರ್ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ನಾಯಿಯನ್ನು ಕಾಡಿಗೂ ದರಗಿನ ರಾಶಿಗೂ ಬಿಡಬೇಡಿ. ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ಕಡೆಗೆ ಹೋಗಲೇಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನಾಯಿಗೂ ತನ್ನದೇ ಆದ ಉಣುಗು ಜ್ವರವಿದೆ. ಅನ್ನ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಕಡು ಬಣ್ಣದ ಮೂತ್ರ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಶಿವಮೊಗ್ಗದ ಸುತ್ತಲಿನವರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತೂಕಕ್ಕೆ ತಕ್ಕ ಮಾತ್ರೆ, ಬೆನ್ನಿಗೆ ಹಾಕುವ ಹನಿಮದ್ದನ್ನು ವೈದ್ಯರೇ ಹೇಳುತ್ತಾರೆ. ತೋಟಕ್ಕೆ ತಂದ ಕೀಟನಾಶಕವನ್ನು ನಾಯಿಯ ಮೈಗೆ ಸುರಿಯುವ ಕೆಟ್ಟ ರೂಢಿ ಇನ್ನೂ ಇದೆ. ನಾಯಿ ನೆಕ್ಕಿಕೊಂಡು ಸಾಯುತ್ತದೆ.

ಸಂಜೆ ಹೊತ್ತು ಜಗಲಿಯಲ್ಲಿ ಕೂತು ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಹುಡುಕಿ. ಮಳೆಗಾಲದಲ್ಲಿ ಮೂಗಿನ ಹೊಳ್ಳೆಯನ್ನೂ ನೋಡಿ, ಇಂಬಳ ಒಳಗೆ ಹೊಕ್ಕಿದ್ದರೆ ನಾಯಿ ಸೀನುತ್ತಲೇ ಇರುತ್ತದೆ. ನನಗೆ ಈ ಕೆಲಸ ಬಹಳ ಇಷ್ಟ. ಮೊದಮೊದಲು ಕಾಲು ಎಳೆದುಕೊಳ್ಳುವ ನಾಯಿ ಬರುಬರುತ್ತಾ ತಾನೇ ಮಗ್ಗುಲಾಗಿ ಹೊಟ್ಟೆ ತೋರಿಸುತ್ತದೆ. ತನ್ನ ದೇಹದ ಅತಿ ಮೃದುವಾದ ಭಾಗವನ್ನು ನಿಮ್ಮ ಕೈಗೆ ಒಪ್ಪಿಸುವುದಕ್ಕಿಂತ ದೊಡ್ಡ ಮಾತನ್ನು ಅದು ಇನ್ನು ಹೇಗೆ ಹೇಳೀತು?

ಹುಚ್ಚುನಾಯಿ ರೋಗದ ಲಸಿಕೆ ಕಡ್ಡಾಯವೇ?

ಹೌದು. ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ, ಆಮೇಲೆ ಪ್ರತಿವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ವರ್ಷದ ಲಸಿಕೆಯನ್ನು ನೆನಪಿಡಲು ಒಳ್ಳೆಯ ದಿನ. ಯಾವ ನಾಯಿ ಕಚ್ಚಿದರೂ, ಸ್ವಂತ ಮನೆಯದ್ದೇ ಪರಚಿದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಮಕ್ಕಳಿರುವ ಮನೆಗೆ ನಾಯಿ ಸರಿಯೇ?

ಸರಿ. ಪುಟ್ಟ ಮಗುವನ್ನು ಮಾತ್ರ ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಉಣ್ಣುವಾಗ, ಮಲಗಿರುವಾಗ, ಮರಿ ಹಾಕಿದಾಗ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಆ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೆಯೇ ಕಚ್ಚುತ್ತದೆ.

ನಾಯಿಯದು ನಿಜಕ್ಕೂ ಪ್ರೀತಿಯೋ, ಅನ್ನದ ಆಸೆಯೋ?

ಅನ್ನದ ಋಣ ಇಲ್ಲವೆನ್ನಲಾರೆ. ಆದರೆ ಅಷ್ಟೇ ಅಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಯೂ ಸಾಕಿದವರೂ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಷ್ಟೂ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುವುದು ಅದರಲ್ಲಿ ಕಂಡುಬಂತು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಇದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. (ಮೇಲೆ ಕಣ್ಣಲ್ಲಿ ಕಣ್ಣಿಡಬೇಡಿ ಎಂದದ್ದು ಇನ್ನೂ ಹೆದರುತ್ತಿರುವ ನಾಯಿಯ ಮಾತು, ನಂಬಿದ ನಾಯಿ ತಾನಾಗಿಯೇ ನಿಮ್ಮ ಕಣ್ಣನ್ನು ಹುಡುಕುತ್ತದೆ.)

ಜರ್ಮನಿಯ ಬಾನ್ ಹತ್ತಿರದ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಸಿಕ್ಕ ಸಮಾಧಿಯ ಸಂಗತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸುಮಾರು 14,000 ವರ್ಷ ಹಿಂದಿನ ಸಮಾಧಿ ಅದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಸುಮಾರು ಏಳು ತಿಂಗಳಿನ ಒಂದು ನಾಯಿಮರಿ. ಅದರ ಹಲ್ಲುಗಳನ್ನು ಪರೀಕ್ಷಿಸಿದವರಿಗೆ ಅದಕ್ಕೆ ಡಿಸ್ಟೆಂಪರ್ ತಗುಲಿದ್ದ ಗುರುತು ಸಿಕ್ಕಿತು. ವಾಂತಿ, ಭೇದಿ, ಸೆಳವು ತರುವ ಕಾಯಿಲೆ. ಯಾರೋ ವಾರಗಟ್ಟಲೆ ಆರೈಕೆ ಮಾಡದೆ ಆ ಮರಿ ಅಷ್ಟು ದಿನ ಬದುಕಿರಲು ಸಾಧ್ಯವಿಲ್ಲ ಎನ್ನುತ್ತಾರೆ ತಜ್ಞರು. ಬೇಟೆಗೂ ಕಾವಲಿಗೂ ಉಪಯೋಗವಿಲ್ಲದ, ಹಾಸಿಗೆ ಹಿಡಿದ ಮರಿ. ಅದನ್ನು ನೋಡಿಕೊಂಡವರಿಗೆ ಅದರಿಂದ ಏನು ಲಾಭವಿತ್ತು?

ನಮ್ಮ ನಾಡಿನಲ್ಲೇ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಇದೆ, ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ಯೋಧ ಮಣಲೆರನನ್ನು ಅರಸ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅವನು ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ತಪ್ಪದೆ ನೋಡಿ.

ಕಾಡಿಗೆ ಜೊತೆಯಲ್ಲಿ ಕರೆದೊಯ್ಯಬಹುದೇ?

ಬೇಡ. ಕಾಡುಹಂದಿಗೆಂದು ಕಟ್ಟಿದ ಉರುಳಿಗೆ, ಇಟ್ಟ ಸಿಡಿಮದ್ದಿಗೆ ಬಲಿಯಾದ ನಾಯಿಗಳು ನಮ್ಮಲ್ಲಿ ಬಹಳ. ನಾಯಿ ಬಿಟ್ಟು ಕಾಡುಪ್ರಾಣಿಯನ್ನು ಅಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲಸಿಕೆಯಿಲ್ಲದ ನಾಯಿಯಿಂದ ಕೆನ್ನಾಯಿಗಳಿಗೂ ರೋಗ ದಾಟುತ್ತದೆ. ತೋಟಕ್ಕೆ ಬಂದ ಮಂಗಗಳನ್ನು ಬೊಗಳಿ ಓಡಿಸಲಿ, ಬೇಲಿಯ ಈಚೆಗೇ ನಿಲ್ಲಲಿ.

ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ನಾಯಿ ತಂದುಕೊಟ್ಟರೆ ಅವರಿಗೆ ಜೊತೆಯಾಗುತ್ತದೆಯೇ?

ಆಗುತ್ತದೆ, ಅವರು ಬಯಸಿದ್ದರೆ. ಮೊದಲು ಅವರನ್ನು ಕೇಳಿ. ದೊಡ್ಡ ಮನೆ, ಸುತ್ತ ತೋಟ, ಪಕ್ಕದ ಮನೆಗೆ ಅರ್ಧ ಮೈಲಿ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಇಂಥ ಕಡೆ ಒಂದು ಜೀವ ಎದುರು ಕೂತು ತಮ್ಮನ್ನೇ ನೋಡುತ್ತಿದ್ದರೆ ಮನೆಯಲ್ಲಿ ಮಾತು ಹುಟ್ಟುತ್ತದೆ. ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ದೊಡ್ಡಮ್ಮ ತಮಗೆಂದು ಅಡುಗೆ ಮಾಡಿಕೊಳ್ಳುವುದನ್ನೇ ಬಿಟ್ಟಿದ್ದರು. ನಾಯಿಗೆ ಹೊತ್ತಿಗೆ ಸರಿಯಾಗಿ ಅನ್ನ ಬೇಕಲ್ಲ ಎಂದು ಒಲೆ ಹಚ್ಚಲು ಶುರುಮಾಡಿದರು, ಹಚ್ಚಿದ ಒಲೆಯಲ್ಲಿ ತಮಗೂ ಸಾರು ಕುದಿಯಿತು.

ಆದರೆ ಮಗನ ಜಾಗವನ್ನು ನಾಯಿ ತುಂಬಲಿ ಎಂದು ತಂದುಕೊಡುವುದಾದರೆ ತರಬೇಡಿ. ನಾಯಿ ಬಂದ ಮೇಲೂ ನೀವು ಊರಿಗೆ ಬರುತ್ತಲೇ ಇರಬೇಕು. ಎಪ್ಪತ್ತು ದಾಟಿದವರಿಗೆ ಎಳೆದಾಡುವ ಮರಿ ಬೇಡ, ಮೂರು ನಾಲ್ಕು ವರ್ಷದ ಶಾಂತ ನಾಯಿ ಸಾಕು. ಜಾರುವ ಅಂಗಳದಲ್ಲಿ ಮರಿ ಕಾಲಿಗೆ ಸಿಕ್ಕಿ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ. ಲಸಿಕೆ, ಔಷಧಿಯ ಖರ್ಚೂ ಓಡಾಟವೂ ನಿಮ್ಮದಾಗಿರಲಿ. ಅವರ ನಂತರ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ತರುವ ಮೊದಲೇ ತೀರ್ಮಾನಿಸಿ.

ಮನೆ ಮಾರಿ ಬೆಂಗಳೂರಿಗೆ ಹೋಗುತ್ತಿದ್ದೇವೆ. ನಾಯಿಯನ್ನು ಇಲ್ಲೇ ಬಿಟ್ಟರೆ ಹೇಗೋ ಬದುಕಿಕೊಳ್ಳುವುದಿಲ್ಲವೇ?

ಇಲ್ಲ. ಮನೆಯ ಅನ್ನಕ್ಕೆ ಒಗ್ಗಿದ ನಾಯಿಗೆ ಬೀದಿಯ ಬದುಕು ಗೊತ್ತಿಲ್ಲ. ಬೇರೆ ನಾಯಿಗಳ ಸೀಮೆಯೊಳಗೆ ಅದಕ್ಕೆ ಜಾಗವೂ ಇಲ್ಲ. ಘಾಟಿಯ ತಿರುವಿನಲ್ಲಿ, ಸಂತೆಯ ಮಾಳದಲ್ಲಿ, ಊರಾಚೆಯ ಬಸ್ ನಿಲ್ದಾಣದಲ್ಲಿ ಗೋಣಿಚೀಲ ಬಿಚ್ಚಿ ನಾಯಿ ಇಳಿಸಿ ಹೋಗುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಇಳಿಸಿದ ಜಾಗದಲ್ಲೇ ಅದು ಕೂತಿರುತ್ತದೆ. ವಾಹನದ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತದೆ.

ಜೊತೆಗೆ ಕರೆದೊಯ್ಯಲು ಮೊದಲು ಯತ್ನಿಸಿ. ದಿನಕ್ಕೆರಡು ನಡಿಗೆ ಇದ್ದರೆ ಬಾಡಿಗೆ ಮನೆಗೂ ಊರುನಾಯಿ ಒಗ್ಗುತ್ತದೆ. ಆಗದಿದ್ದರೆ ಅದಕ್ಕೆ ಪರಿಚಯವಿರುವ ಮನೆಯವರನ್ನು ಕೇಳಿ. ಹೊರಡುವ ದಿನ ಒಪ್ಪಿಸುವುದಲ್ಲ, ಒಂದೆರಡು ತಿಂಗಳು ಮೊದಲೇ ಅಲ್ಲಿಗೆ ಕರೆದೊಯ್ದು, ಅವರ ಕೈಯಿಂದಲೇ ಅನ್ನ ಹಾಕಿಸಿ, ಒಂದೆರಡು ರಾತ್ರಿ ಉಳಿಸಿ ಅಭ್ಯಾಸ ಮಾಡಿಸಿ. ಅದು ಮಲಗುವ ಗೋಣಿಯನ್ನೂ ತಟ್ಟೆಯನ್ನೂ ಜೊತೆಗೇ ಕೊಡಿ.

ವಯಸ್ಸಾದ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು?

ಕಣ್ಣು ಮಂಜಾದರೆ ಮನೆಯ ಸಾಮಾನುಗಳನ್ನು ಅತ್ತಿತ್ತ ಮಾಡಬೇಡಿ. ಕಿವಿ ಕೇಳದಿದ್ದರೆ ನೆಲ ತಟ್ಟಿ ಎಬ್ಬಿಸಿ. ತಣ್ಣನೆಯ ಸಿಮೆಂಟಿನ ಮೇಲೆ ಮಲಗಿಸಬೇಡಿ, ಅಡಿಗೆ ಒಣಹುಲ್ಲು ಹಾಕಿ. ಅನ್ನ ಮೆತ್ತಗಿರಲಿ. ಬೊಗಳಲಾರದ ನಾಯಿಗೆ ಅನ್ನ ದಂಡ ಎನ್ನುವ ಮಾತು ಮನೆಯಲ್ಲಿ ಬಂದರೆ, ಓಬರ್‌ಕಾಸೆಲ್ಲಿನ ಮರಿಯ ಕತೆ ಹೇಳಿ. ವಾಸಿಯಾಗದ ನೋವಿನಲ್ಲಿ ನರಳುತ್ತಿದ್ದರೆ ಪಶುವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಅವರು ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದೇ ಸರಿಯೆಂದರೆ ಆ ಹೊತ್ತಿನಲ್ಲಿ ಹೊರಗೆ ನಿಲ್ಲಬೇಡಿ, ತಲೆಯ ಬಳಿ ಕೂತಿರಿ.

ನಾಯಿ ಸತ್ತು ಹೋಯಿತು. ಇನ್ನೊಂದನ್ನು ಯಾವಾಗ ತರಬಹುದು?

ಅತ್ತು ಮುಗಿದ ಮೇಲೆ. ಕೆಲವರಿಗೆ ಒಂದು ತಿಂಗಳು, ಕೆಲವರಿಗೆ ಒಂದೆರಡು ವರ್ಷ. "ನಾಯಿಗಾಗಿ ಇಷ್ಟೊಂದು ಅಳುವುದೇ" ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹಳೆಯದು ಪಾರ್ವೊದಂಥ ಅಂಟುರೋಗದಿಂದ ಸತ್ತಿದ್ದರೆ ಅದರ ಗೋಣಿ ಹಾಸಿಗೆಯನ್ನು ಸುಟ್ಟುಹಾಕಿ, ಮಲಗುತ್ತಿದ್ದ ಜಾಗವನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಲಸಿಕೆಗಳು ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ತರಬೇಡಿ. ಹೊಸ ನಾಯಿಗೆ ಹೊಸ ಹೆಸರಿಡಿ. ಹಳೆಯದರ ಹಾಗೆ ಇದು ದಣಪೆಯವರೆಗೆ ಬಂದು ಕಾಯದಿದ್ದರೆ ಬೇಸರಿಸಬೇಡಿ; ಇದಕ್ಕೆ ಇಷ್ಟವಾದ ಜಾಗ ಯಾವುದು, ಇದಕ್ಕೆ ಏನು ಕಂಡರೆ ಹೆದರಿಕೆ ಎಂಬುದನ್ನು ಮೊದಲಿನಿಂದ ಗಮನಿಸಲು ತೊಡಗಿ.